ಒರಸೂದು ಅಂದ್ರ ರಿಪೇರಿ ಅಲ್ಲ

ನಮ್ಮ ಮನಿಯೊಳಗ ಎಲ್ಲೇ ನೀರು ಸೋರಿದ್ರೂ ಮೊದಲ ಕೂಗೂದು ಹೆಣ್ಮಕ್ಕಳನ್ನ. "ಒಂದು ಅರಿವಿ ತೊಗೊಂಡು ಬಾ, ಒರಸು." ಎಲ್ಲಿಂದ ಬಂತು ಅಂತ ಯಾರೂ ಕೇಳಂಗಿಲ್ಲ. ಬಚ್ಚಲದ ನಳ ಇರ್ಲಿ, ಮಾಳಿಗಿ ಇರ್ಲಿ, ನಮ್ಮ 17 ವರ್ಷದ ಕಾರ್ ಇರ್ಲಿ, ಕಥಿ ಒಂದ.

ಕಾರಿಂದು ಹೇಳ್ತೀನಿ ಕೇಳ್ರಿ. ಹೋದ ವರ್ಷ ಆಷಾಢದ ಮಳಿ ಹಿಡೀತು. ಧಾರವಾಡದ ಮಳಿ ನಿಮಗ ಗೊತ್ತದ, ಧೋ ಅಂತ ಸುರದು ಹೋಗೂದಲ್ಲ, ಜಿಟಿಜಿಟಿ ಅಂತ ದಿನಗಟ್ಟಲೆ ಕೂಡತದ. ಕಾರಿನೊಳಗ ಒದ್ದಿ ಗೋಣಿಚೀಲದ ವಾಸನಿ. ಮುಂದ ಎಡಗಡೆ ಸೀಟಿನ್ಯಾಗ ಕಾಲಿಡೋ ಜಾಗಾದಾಗ ನೀರು. ನಾ ಹಳೇ ಟಾವೆಲ್ ಹಾಸಿದೆ, ಹಿಂಡಿದೆ, ಮತ್ತ ಹಾಸಿದೆ. ಇವರು ಗ್ಯಾರೇಜಿಗೆ ಒಯ್ದ್ರು. ಮೊದಲನೇ ಸಲ ಮುಂದಿನ ಗಾಜಿನ ಸುತ್ತ ಸಿಲಿಕಾನ್ ಬಳದು ಕಳಿಸಿದ್ರು. ಎರಡನೇ ಸಲ ಬಾಗಲದ ರಬ್ಬರ್ ಬದಲಿ ಮಾಡಿದ್ರು. ಮೂರನೇ ಸಲ ನಾನೂ ಹೋದೆ. "ಹಳೇ ಗಾಡಿ ಅಕ್ಕಾರ, ಸೋರೂದ. ಮಾರಿಬಿಡ್ರಿ" ಅಂದ್ರು.

ಆ ಸೀಟಿನ್ಯಾಗ ಕೂಡೋರು ನಮ್ಮ ಅತ್ತಿಯವರು. ಭಾಳ ವರ್ಷದ ಸಕ್ಕರಿ ಬ್ಯಾನಿ, ತಿಂಗಳಿಗೆ ಎರಡು ಸಲ ಹುಬ್ಬಳ್ಳಿ ದವಾಖಾನಿಗೆ ಹೋಗೂದು. ಒಂದು ದಿನ ಮನಿಗೆ ಬಂದು ಅವರ ಕಾಲ್ಚೀಲಾ ತಗದೆ, ಹಿಂಡಿದ್ರ ನೀರು. ಬೆರಳಸಂದಿ ಬೆಳ್ಳಗ ಮೆತ್ತಗಾಗಿ, ಒಂದು ಕಡೆ ಚರ್ಮ ಸುಲಿದಿತ್ತು. "ಯಾಕ ಹೇಳಲಿಲ್ರಿ?" ಅಂದೆ. "ಒದ್ದಿ ಆಗ್ಯದಂತ ನಂಗ ತಿಳೀಲೇ ಇಲ್ಲ ನೋಡು" ಅಂದ್ರು. ಸಕ್ಕರಿ ಬ್ಯಾನಿ ಇದ್ದವರಿಗೆ ಪಾದದ ಸ್ಪರ್ಶ ಹೋಗಬಹುದು, ಸಣ್ಣ ಗಾಯಾನೂ ದೊಡ್ಡದಾಗಬಹುದು. ಅವತ್ತ ನಾ ಟಾವೆಲ್ ಒಗದೆ.

ನನ್ನ ಮಾತು ಇಷ್ಟ: ನೀರು ನಿಂತ ಜಾಗ ಬ್ಯಾರೆ, ಬಂದ ಜಾಗ ಬ್ಯಾರೆ. ಮಣ್ಣಿನ ಮಾಳಿಗಿ ಮನಿಯೊಳಗ ಬೆಳದೋರಿಗೆ ಇದನ್ನ ಹೇಳಬೇಕಾಗಿಲ್ಲ. ತೂತು ದೇವರಮನಿ ಮ್ಯಾಲೆ ಇದ್ರ, ನೀರು ತೊಲಿ ಹಿಡಕೊಂಡು ಬಂದು ಅಡಗಿಮನ್ಯಾಗ ತೊಟ್ಟಿಕ್ಕತದ. ಹಾದಿ ಹುಡುಕದ ಸಿಲಿಕಾನ್ ಬಳಿಯೂದು ಅಂದ್ರ ಅಡಗಿಮನಿ ಜಂತಿಗೆ ಮಣ್ಣು ಮೆತ್ತಿದಂಗ.

ಮೊದಲ ಯಾವ ನೀರು ಅಂತ ನೋಡಬೇಕು. ಮಳಿ ಇಲ್ಲದ ದಿನ, ಏಸಿ ಹಚ್ಚಿದಾಗ ಒದ್ದಿ ಆದ್ರ, ಏಸಿ ನೀರು ಹೊರಗ ಹೋಗೋ ಪೈಪ್ ಕಟ್ಟಿರ್ತದ. ಜಿಗಟಾಗಿ, ಸಿಹಿ ವಾಸನಿ ಬಂದು, ಗಾಜಿನ ಮ್ಯಾಲೆ ಎಣ್ಣಿಯಂಥಾ ಮಬ್ಬು ಕೂತ್ರ ಅದು ಕೂಲಂಟ್. ಅದು ವಿಷ, ಕೂಸು ನಾಯಿ ದೂರ ಇಟ್ಟು ಸೀದಾ ಮೆಕ್ಯಾನಿಕ್ ಕಡೆ ಹೋಗ್ರಿ. ನಮ್ಮದು ಮಳಿ ಬಂದಾಗಷ್ಟ, ಬರೇ ನೀರು.

ಬಾಜೂಮನಿ ವೈನಿಯವರನ್ನ ಕರದೆ. ಮ್ಯಾಟ್ ಎತ್ತಿ, ಒಣಾ ಪೇಪರ್ ಹಾಸಿ, ಬ್ಯಾಟರಿ ಹಿಡಕೊಂಡು ಅವರು ಒಳಗ ಕೂತ್ರು. ನಾ ಹೊರಗ ಪೈಪ್ ಹಿಡದೆ. ಜೋರಾಗಿ ಬಿಡಬಾರದು, ಮಳಿಯಂಗ ಸಣ್ಣಗ. ಕೆಳಗಿಂದ ಸುರು ಮಾಡಿ ಮ್ಯಾಲೆ ಹೋಗಬೇಕು. ಮೊದಲ ಮ್ಯಾಲಿಂದ ಹಾಕಿದ್ರ ಎಲ್ಲಾ ಕಡೆ ಹರದು ಏನೂ ತಿಳಿಯಂಗಿಲ್ಲ. ಬಾಗಲದ ಕೆಳಗ 5 ನಿಮಿಷ, ಪೇಪರ್ ಒಣಾ. ಕಿಡಕಿ ಹತ್ರ, ಒಣಾ. ವೈಪರ್ ಬುಡಕ್ಕ ಹಾಕಿದೆ. "ಬಂತು, ಬಂತು!" ಅಂತ ವೈನಿಯವರು ಚೀರಿದ್ರು.

ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಳಗಿ ಬಿಚ್ಚಿಸಿ ನೋಡಿದ್ರ, ನಮ್ಮ ಗುಲಮೊಹರ ಗಿಡದ ಸಣ್ಣ ಸಣ್ಣ ಎಲಿ ಕೊಳತು ಗೊಬ್ಬರ ಆಗಿತ್ತು. ಅಲ್ಲಿ ಬಿದ್ದ ನೀರು ಬಗಲಿನ ತೂತಿನಿಂದ ಕೆಳಗ ಹೋಗಬೇಕು. ತೂತು ಕಟ್ಟಿ, ನೀರು ತುಂಬಿ, ಹೊರಗಿನ ಗಾಳಿ ಒಳಗ ಬರೋ ಕಿಂಡಿಯಿಂದ ಅತ್ತಿಯವರ ಪಾದದ ಮ್ಯಾಲೆ ಇಳೀತಿತ್ತು. ಗಾಜಿಂದೂ ತಪ್ಪಿಲ್ಲ, ರಬ್ಬರಿಂದೂ ತಪ್ಪಿಲ್ಲ. ಎರಡು ಮುಷ್ಟಿ ಕಸ!

ಕಂಡ ತೂತಿಗೆಲ್ಲಾ ಸಿಲಿಕಾನ್ ಬಳಿಬ್ಯಾಡ್ರಿ ಅನ್ನೂದು ಇದಕ್ಕ. ಬಾಗಲದ ಕೆಳಗೂ ಸಣ್ಣ ತೂತು ಇರ್ತಾವ. ಗಾಜಿನ ಸಂದಿಯಿಂದ ಬಾಗಲದೊಳಗ ನೀರು ಇಳಿಯೂದು ಸಹಜ, ಅದು ಹೊರಗ ಹೋಗಾಕ ಆ ತೂತು ಬೇಕ ಬೇಕು.

ಹಾದಿ ಸರಿಯಾದ ಮ್ಯಾಲೆ ಒಣಗಿಸೂದು. ಮ್ಯಾಲಿನ ಕಾರ್ಪೆಟ್ ಒಣಗಿದ್ರ ಸಾಲೂದಿಲ್ಲ, ಅದರ ಕೆಳಗಿನ ದಪ್ಪನ ಪದರು ಸ್ಪಂಜಿನಂಗ ನೀರು ಹಿಡದಿರ್ತದ. ಸೀಟ್ ಬಿಚ್ಚಿಸಿ, ಕಾರ್ಪೆಟ್ ಎತ್ತಿ, 4 ದಿನ ಫ್ಯಾನ್ ಹಚ್ಚಿದ್ವಿ. ತಗಡಿಗೆ ಜಂಗು ಸುರು ಆಗಿತ್ತು, ಉಜ್ಜಿಸಿ ಪ್ರೈಮರ್ ಹೊಡಿಸಿದ್ವಿ.

ಎಲ್ಲಾ ಸೋರಿಕಿ ಮನ್ಯಾಗ ಸರಿ ಆಗ್ತದಂತ ಅಲ್ಲ. ಗಾಜಿನ ಅಂಟು ಬಿಟ್ಟಿದ್ರ, ಜಂಗು ತಗಡು ತಿಂದಿದ್ರ ಗ್ಯಾರೇಜ್ ಬೇಕ. ಆದ್ರ "ಇಲ್ಲಿಂದ ಬರ್ತದ ನೋಡ್ರಿ" ಅಂತ ತೋರಿಸೋರಿಗೂ, "ಏನೋ ಸೋರ್ತದ" ಅನ್ನೋರಿಗೂ ಬಿಲ್ಲಿನ್ಯಾಗ ಫರಕ ಇರ್ತದ.

ಅತ್ತಿಯವರ ಗಾಯ ಮಾಯಲಿಕ್ಕೆ 6 ವಾರ ಹಿಡೀತು. ಈಗ ಅಂಗಳದ ಕಸಾ ಹೊಡಿಯೂವಾಗ ವಾರಕ್ಕೊಮ್ಮೆ ವೈಪರ್ ಬುಡದ ಎಲಿನೂ ತಗೀತೀನಿ. ನಿಮ್ಮ ಗಾಡಿಯೊಳಗ ವಾಸನಿ ಬಂದ್ರ, ಸೆಂಟಿನ ಡಬ್ಬಿ ತರೂಕಿಂತ ಮೊದಲ ಮ್ಯಾಟ್ ಎತ್ತಿ ಕೈಯಿಟ್ಟು ನೋಡ್ರಿ. ಒರಸೂದು ಆಮ್ಯಾಲೆ.