ಉಪವಾಸದ ಮರೆಯಲ್ಲಿ ಅಡಗುವ ರೋಗ

ಉದ್ದೇಶಪೂರ್ವಕವಾಗಿ ವಾಂತಿ ಮಾಡಿಕೊಂಡರೆ ಉಪವಾಸ ಮುರಿಯುತ್ತದೆ, ತಾನಾಗಿ ಬಂದರೆ ಮುರಿಯುವುದಿಲ್ಲ. ಈ ನಿಯಮವನ್ನು ಮದ್ರಸದ ಮಕ್ಕಳೂ ಬಲ್ಲರು. ಆದರೆ ಊಟದ ಬೆನ್ನಲ್ಲೇ ಬಲವಂತವಾಗಿ ವಾಂತಿ ಮಾಡಿಕೊಳ್ಳುವ ಮಗಳೊಬ್ಬಳು ಮನೆಯಲ್ಲಿದ್ದರೆ, ಮೊದಲು ವಿಚಾರಿಸಬೇಕಾದುದು ಅವಳ ಉಪವಾಸವನ್ನಲ್ಲ, ಆರೋಗ್ಯವನ್ನು.

ವೈದ್ಯರು ಇದನ್ನು ಬುಲಿಮಿಯಾ ನರ್ವೋಸಾ ಎನ್ನುತ್ತಾರೆ. 1979ರಲ್ಲಿ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಇದನ್ನು ಗುರುತಿಸಿ ಹೆಸರಿಟ್ಟರು. ಹಿಡಿತ ತಪ್ಪಿ ಅತಿಯಾಗಿ ತಿನ್ನುವುದು, ಬಳಿಕ ದಪ್ಪಗಾಗುವೆನೆಂಬ ಭಯದಿಂದ ಅದನ್ನು ಹೊರಹಾಕುವುದು, ಭೇದಿ ಮಾತ್ರೆ ನುಂಗುವುದು ಅಥವಾ ಊಟವನ್ನೇ ಬಿಡುವುದು ಇದರ ಸ್ವರೂಪ. ಗಂಡುಮಕ್ಕಳನ್ನೂ ಇದು ಬಿಟ್ಟಿಲ್ಲ. ಇದು ಪಾಶ್ಚಾತ್ಯರ ಕಾಯಿಲೆ ಎಂಬ ಮಾತನ್ನು ನಾನು ಒಪ್ಪಲಾರೆ. 2012ರಲ್ಲಿ ಪ್ರಕಟವಾದ ಬೆಂಗಳೂರಿನ ಮನೋವೈದ್ಯರ ಸಮೀಕ್ಷೆಯಲ್ಲಿ ಸುಮಾರು ಮೂರನೇ ಎರಡರಷ್ಟು ವೈದ್ಯರು ಆಹಾರಸಂಬಂಧಿ ಮನೋರೋಗಗಳುಳ್ಳವರನ್ನು ಕಂಡುದಾಗಿ ತಿಳಿಸಿದ್ದರು. ಅದು ನಗರದ ಲೆಕ್ಕ, ನಿಜ. ಆದರೆ ಕೊತ್ತಗೆರೆಯಿಂದ ಕುಣಿಗಲ್ಲಿಗೋ ತುಮಕೂರಿಗೋ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳ ಕೈಯಲ್ಲಿರುವುದೂ ಅದೇ ಮೊಬೈಲ್. ಹೆಣ್ಣು ನೋಡಲು ಬಂದವರ ಬಾಯಲ್ಲಿರುವುದೂ ಅದೇ ‘ಸ್ವಲ್ಪ ದಪ್ಪ’ ಎಂಬ ಮಾತು.

ಈ ರೋಗಿಗಳಲ್ಲಿ ಹೆಚ್ಚಿನವರ ತೂಕ ಸಾಮಾನ್ಯವಾಗಿಯೇ ಇರುತ್ತದೆ. ಆದ್ದರಿಂದ ಮನೆಯವರು ಮೋಸಹೋಗುತ್ತಾರೆ. ಊಟವಾದೊಡನೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಲ್ಲುವುದು, ಊದಿದ ಕೆನ್ನೆ, ಬೆರಳ ಗೆಣ್ಣುಗಳ ಮೇಲಿನ ಗಾಯದ ಕಲೆ, ಆಮ್ಲದಿಂದ ಸವೆದ ಹಲ್ಲಿನ ಒಳಭಾಗ, ಅಡುಗೆಮನೆಯಲ್ಲಿ ಗುಟ್ಟಾಗಿ ಖಾಲಿಯಾಗುವ ತಿಂಡಿಯ ಡಬ್ಬ, ಇವುಗಳನ್ನು ತಾಯಂದಿರು ಗಮನಿಸಬೇಕು. ಒಳಗಿನ ಹಾನಿ ಇನ್ನೂ ಘೋರ. ವಾಂತಿ ಮತ್ತು ಭೇದಿಯಿಂದ ರಕ್ತದಲ್ಲಿನ ಪೊಟ್ಯಾಸಿಯಂ ಕುಸಿದರೆ ಹೃದಯದ ಬಡಿತ ತಪ್ಪಿ ಪ್ರಾಣಕ್ಕೇ ಅಪಾಯವಾದೀತು.

ರಮಝಾನ್ ಇಂಥವರಿಗೆ ಕಠಿಣ ಕಾಲ. ಹಗಲೆಲ್ಲ ಹಸಿವು, ಇಫ್ತಾರಿನಲ್ಲಿ ತುಂಬಿದ ತಟ್ಟೆ, ಬಳಿಕ ಬಚ್ಚಲಿನ ಏಕಾಂತ. ಉಳಿದ ತಿಂಗಳುಗಳಲ್ಲಿ ಐಚ್ಛಿಕ ಉಪವಾಸದ ಹೆಸರಿನಲ್ಲಿ ಊಟ ತಪ್ಪಿಸುವವಳನ್ನು ನಾವು ಭಕ್ತೆಯೆಂದು ಹೊಗಳುತ್ತೇವೆ! ಪವಿತ್ರ ಕುರ್‌ಆನಿನ ಎರಡನೇ ಅಧ್ಯಾಯವು ರೋಗಿಗೆ ಉಪವಾಸದಿಂದ ರಿಯಾಯಿತಿ ನೀಡಿದೆ. ಜ್ವರಕ್ಕೆ ಸಲ್ಲುವ ರಿಯಾಯಿತಿ ಮನಸ್ಸಿನ ರೋಗಕ್ಕೆ ಸಲ್ಲದೆಂದು ಹೇಳುವವರು ಮೊದಲು ವೈದ್ಯರನ್ನು ಕೇಳಲಿ. ಅನ್ನಕ್ಕೆ ಅಪಚಾರ, ದುಂದು, ಹೊಟ್ಟೆಬಾಕತನ ಎಂದು ಗದರಿಸಿದರೆ ಅವಳು ಇನ್ನಷ್ಟು ಗುಟ್ಟು ಕಲಿಯುತ್ತಾಳೆ, ಅಷ್ಟೇ.

ಇದಕ್ಕೆ ಚಿಕಿತ್ಸೆಯಿದೆ. ಆಪ್ತಸಮಾಲೋಚನೆಯೂ ಅಗತ್ಯವಿದ್ದರೆ ಔಷಧಿಯೂ ಫಲ ನೀಡುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ನಮಗೆ ದೂರವೇನಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ, ಉಚಿತವಾಗಿ ಮಾತನಾಡಬಹುದು. ವಾಂತಿಯಾದ ಕೂಡಲೇ ಹಲ್ಲುಜ್ಜದೆ ನೀರಿನಿಂದ ಬಾಯಿ ಮುಕ್ಕಳಿಸಲಿ. ತಲೆಸುತ್ತಿ ಬಿದ್ದರೆ, ಎದೆಬಡಿತ ಏರುಪೇರಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಸಂಬಂಧಿಕರು ಏನೆನ್ನುವರೋ ಎಂದು ಕಾಯದೆ ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.