ಪಿಸ್ಟನ್ ಇಲ್ಲದ ಹೀರೋಗೆ ಕಾರ್ಬುರೇಟರ್ ಬೇಕಂತೆ!

ದಾವಣಗೆರೆಯ ಓದುಗ ಮಿತ್ರರೊಬ್ಬರು ಕೇಳಿದ್ದಾರೆ: ‘‘ಟೋಕಿಯೋ ಡ್ರಿಫ್ಟ್ ಪಿಚ್ಚರಿನಲ್ಲಿ ಹಾನ್ ಓಡಿಸೋ ಕಿತ್ತಳೆ-ಕಪ್ಪು ಬಣ್ಣದ ಕಾರಿಗೆ ಎಷ್ಟು ಕಾರ್ಬುರೇಟರ್ ಸ್ವಾಮೀ? ಅದನ್ನ ಮಾಡಿಫೈ ಮಾಡಿಸಿದ್ದಾರಂತೆ, ಹೌದಾ?’’

ಸ್ವಾಮೀ, ಆ ಕಾರಿಗೆ ಕಾರ್ಬುರೇಟರೇ ಇಲ್ಲ! 2006ರ ಆ ಚಿತ್ರದ ಕಾರೂ, 2001ರ ಮೊದಲನೇ ‘ಫಾಸ್ಟ್ ಅಂಡ್ ಫ್ಯೂರಿಯಸ್’ನಲ್ಲಿ ವಿನ್ ಡೀಸೆಲ್ ಓಡಿಸೋ ಕೆಂಪು ಕಾರೂ ಎರಡೂ ಒಂದೇ ಜಾತಿ. ಜಪಾನಿನ ಮಾಜ್ಡಾ ಆರ್‌ಎಕ್ಸ್-7, ಅದರ ಮೂರನೇ ತಲೆಮಾರು. ಅದಕ್ಕೆ ಟರ್ಬೊ ಉಂಟು, ಪೆಟ್ರೋಲು ಇಂಜೆಕ್ಟರಿನಿಂದ ಚಿಮ್ಮುತ್ತೆ, ಲೆಕ್ಕವನ್ನೆಲ್ಲ ಕಂಪ್ಯೂಟರು ನೋಡಿಕೊಳ್ಳುತ್ತೆ. ಅಲ್ಲಿ ಕಾರ್ಬುರೇಟರಿಗೆ ಕೆಲಸವಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಆ ಕಾರಿನ ದೊಡ್ಡಣ್ಣ ಒಬ್ಬನಿದ್ದಾನೆ, 1978ರಿಂದ 85ರವರೆಗೆ ತಯಾರಾದ ಮೊದಲ ತಲೆಮಾರಿನ ಆರ್‌ಎಕ್ಸ್-7. ಎದ್ದು ಮುಚ್ಚಿಕೊಳ್ಳುವ ಹೆಡ್‌ಲೈಟು, ಉದ್ದ ಮೂಗು, ಹಿಂದೆ ಗಾಜಿನ ಬಾಗಿಲು. ಕೊನೆಕೊನೆಗೆ ಬಂದ ಕೆಲವನ್ನು ಬಿಟ್ಟರೆ ಅವಕ್ಕೆಲ್ಲ ಕಾರ್ಬುರೇಟರೇ ಗತಿ. ಅಂಥದ್ದೊಂದು ಕಾರು ನನ್ನ ಗೆಳೆಯನ ಹತ್ತಿರ ಇದೆ. ಅದರ ಕಾರ್ಬುರೇಟರ್ ವ್ಯಾಪಾರದಲ್ಲಿ ಕಳೆದ ಎರಡು ತಿಂಗಳು ನನ್ನ ನಿದ್ದೆಯೂ ಹಾಳಾಯಿತು. ಆ ಕಥೆ ಕೇಳಿ.

ಗೆಳೆಯ ತುಮಕೂರಿನವನು. ಪಿಯುಸಿಯಲ್ಲಿ ಇಬ್ಬರೂ ಒಂದೇ ಬೆಂಚು. ನಾನು ಅರ್ಧಕ್ಕೇ ಕಾಲೇಜಿಗೆ ಕೈಮುಗಿದು ಗಾಂಧಿನಗರದ ದಾರಿ ಹಿಡಿದೆ. ಅವನು ಪಾಸಾದ, ಎಂಜಿನಿಯರಾದ, ಈಗ ಅಮೆರಿಕದ ಡೆನ್ವರ್ ಊರಿನಲ್ಲಿದ್ದಾನೆ. ಅಲ್ಲಿ ಕೂಡಿಟ್ಟ ದುಡ್ಡು ಸುರಿದು 1983ರ ಆರ್‌ಎಕ್ಸ್-7 ತಗೊಂಡ. ಬರೋ ಕಾರ್ತೀಕದಲ್ಲಿ ಅವನ ತಂಗಿಯ ಮದುವೆ. ಈಗ ಕೈಯಲ್ಲಿ ಉಳಿದಿರೋದು ಊರಿಗೆ ಬರೋ ಟಿಕೆಟ್ಟಿನ ದುಡ್ಡು, ಜೊತೆಗೆ ಚಿಲ್ಲರೆ ಒಂದಿಷ್ಟು. ಹೀಗಿರುವಾಗ ಒಂದು ರಾತ್ರಿ ಹನ್ನೊಂದಕ್ಕೆ ಫೋನು: ‘‘ಮಗಾ, ಫ್ಲೋರಿಡಾದಲ್ಲಿ ಒಬ್ಬ ಕೈಯಲ್ಲೇ ಕೆತ್ತಿ ಕಾರ್ಬುರೇಟರ್ ಮಾಡಿಫೈ ಮಾಡ್ತಾನೆ. 650 ಡಾಲರ್. ಒಂದು ರೆಡಿ ಇದೆಯಂತೆ, ನಾಳೆ ದುಡ್ಡು ಕಳಿಸ್ತೀನಿ.’’

ಈ ಎಂಜಿನ್ ಎಂಥದ್ದು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಥೆಗೆ ಉಪ್ಪು-ಖಾರ ಹತ್ತೋದಿಲ್ಲ. ನಮ್ಮ ಬೈಕು-ಕಾರುಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಕುಣಿಯುತ್ತೆ. ರೋಟರಿ ಎಂಜಿನಿನಲ್ಲಿ ಪಿಸ್ಟನ್ನೇ ಇಲ್ಲ, ವಾಲ್ವೂ ಇಲ್ಲ. ಹೊಟ್ಟೆ ಉಬ್ಬಿದ ಸಮೋಸಾ ಆಕಾರದ ಒಂದು ರೋಟರ್, ನಡು ಸಣ್ಣಗಾದ ಕೋಣೆಯೊಳಗೆ ಸುತ್ತುತ್ತಾ ಇರುತ್ತೆ. ಗಾಳಿ-ಪೆಟ್ರೋಲು ಒಳಗೆ ಬರೋದು, ಹೊಗೆ ಹೊರಗೆ ಹೋಗೋದು ಎಲ್ಲ ಗೋಡೆಯಲ್ಲಿ ಕೊರೆದ ಕಿಂಡಿಗಳಲ್ಲಿ. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಎಂಬಾತನ ತಲೆಯಿಂದ ಬಂದದ್ದು. 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಎಂಜಿನ್ ತಿರುಗಿತು. ಹಿರೋಷಿಮಾದ ಮಾಜ್ಡಾದವರು ಲೈಸೆನ್ಸ್ ತಂದು 47 ಜನ ಎಂಜಿನಿಯರುಗಳನ್ನು ಅದರ ಹಿಂದೆ ಬಿಟ್ಟರು. ಮುಂದಾಳು ಕೆನಿಚಿ ಯಮಮೊಟೊ. ಸಮೋಸಾದ ಮೂರು ಮೂಲೆಗೂ ಒಂದೊಂದು ಪಟ್ಟಿ ಇರುತ್ತೆ, ಅಪೆಕ್ಸ್ ಸೀಲ್ ಅಂತಾರೆ. ಅದು ಗೋಡೆಯನ್ನು ಒರೆಸಿಕೊಂಡೇ ಓಡಬೇಕು. ಶುರುವಿನಲ್ಲಿ ಅದು ಗೋಡೆಯ ಮೇಲೆ ಗೀರು ಹಾಕಿ ಹಾಕಿ ಎಂಜಿನ್ನನ್ನೇ ಕೊಲ್ಲುತ್ತಿತ್ತು. ಆ ಗೀರುಗಳಿಗೆ ಅವರಿಟ್ಟ ಹೆಸರು ‘ದೆವ್ವದ ಉಗುರು’! ವರ್ಷಗಟ್ಟಲೆ ಒದ್ದಾಡಿ, ಕಾರ್ಬನ್ನು-ಅಲ್ಯೂಮಿನಿಯಂ ಬೆರೆಸಿದ ಸೀಲ್ ಮಾಡಿ, 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರು ಬಿಟ್ಟರು. 1991ರಲ್ಲಿ ಅದೇ ರೋಟರಿ ಕುಲದ ಕಾರು ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸನ್ನೇ ಗೆದ್ದಿತು. ಇದನ್ನು ಪಿಚ್ಚರ್ ಮಾಡಿದ್ದರೆ ನೂರು ದಿನ ಗ್ಯಾರಂಟಿ.

ಗೆಳೆಯನ ಕಾರಿನ ಎಂಜಿನ್ ಹೆಸರು 12ಎ. ಎರಡು ರೋಟರ್, ಒಟ್ಟು 1146 ಸಿಸಿ. ‘ಇಷ್ಟೇನಾ, ನಮ್ಮ ಪ್ರೀಮಿಯರ್ ಪದ್ಮಿನಿನೇ 1089 ಸಿಸಿ ಇತ್ತಲ್ಲ’ ಅಂತೀರಿ. ಅಲ್ಲೇ ಇರೋದು ಗುಟ್ಟು! ಪದ್ಮಿನಿಯ ನಾಲ್ಕು ಸಿಲಿಂಡರೂ ಒಂದು ಸಲ ಗಾಳಿ ಕುಡಿಯೋಕೆ ಶಾಫ್ಟು ಎರಡು ಸುತ್ತು ತಿರುಗಬೇಕು. ರೋಟರಿಯಲ್ಲಿ ಒಂದೇ ಸುತ್ತಿಗೆ 1146 ಸಿಸಿ ಗಾಳಿ ಒಳಗೆ. ಅಂದರೆ ಗಾಳಿ ಕುಡಿಯೋ ಲೆಕ್ಕದಲ್ಲಿ ಇದು 2300 ಸಿಸಿ ಕಾರಿಗೆ ಸಮ. ನೋಡೋಕೆ ಪುಟ್ಟ, ಊಟಕ್ಕೆ ಕೂತರೆ ಭೀಮ. ಅದಕ್ಕೇ ಮಾಜ್ಡಾದವರು ನಿಕ್ಕಿ ಕಂಪನಿಯ ನಾಲ್ಕು ಬಾಯಿಯ ಕಾರ್ಬುರೇಟರ್ ಕೂರಿಸಿದರು. ನಿಧಾನಕ್ಕೆ ಓಡಿಸುವಾಗ ಎರಡು ಸಣ್ಣ ಬಾಯಿ ಸಾಕು. ಪೆಡಲ್ ಒತ್ತಿದರೆ ಎರಡು ದೊಡ್ಡ ಬಾಯಿಗಳು ಎಂಜಿನ್ನಿನ ಎಳೆತಕ್ಕೆ ತಾವಾಗಿ ತೆರೆದುಕೊಳ್ಳುತ್ತವೆ.

ಮಾಡಿಫೈ ಮಾಡೋರು ಮಾಡೋದೇನು? ಸಣ್ಣ ಬಾಯಿಗಳ ಗಂಟಲನ್ನು ಲೇತಿಗೆ ಕೊಟ್ಟು ಅಗಲ ಮಾಡುತ್ತಾರೆ. ದೊಡ್ಡ ಬಾಯಿಗಳು ತಾವಾಗಿ ತೆರೆಯೋದು ಬೇಡ, ನಮ್ಮ ಕಾಲಿನ ಮಾತೇ ಕೇಳಲಿ ಅಂತ ಕಡ್ಡಿ ಜೋಡಿಸುತ್ತಾರೆ. ಜೆಟ್ ಬದಲಾಯಿಸುತ್ತಾರೆ. ಹೊಗೆ ಕಾನೂನಿಗಾಗಿ ಕಂಪನಿಯವರು ಸುತ್ತಿದ್ದ ರಬ್ಬರು ಪೈಪುಗಳ ಗುಂಪನ್ನು ಕಿತ್ತೆಸೆಯುತ್ತಾರೆ. ಅಲ್ಲಿನ ಹುಡುಗರು ಅದಕ್ಕೆ ‘ಇಲಿ ಗೂಡು’ ಅಂತಾರೆ. (ಕ್ಯಾಲಿಫೋರ್ನಿಯಾದಲ್ಲಂತೂ ಈ ಆಟ ನಡೆಯೋದಿಲ್ಲ. 1976ರಿಂದ ಈಚಿನ ಪೆಟ್ರೋಲ್ ಕಾರಿಗೆಲ್ಲ ಹೊಗೆ ಪರೀಕ್ಷೆ ಉಂಟು, ಇಲಿ ಗೂಡು ಇಲ್ಲ ಅಂದರೆ ಫೇಲು.) ನಿಕ್ಕಿ ಬೇಡ ಅನ್ನೋರು ಇಟಲಿಯ ವೆಬರ್ ಹಾಕಿಸುತ್ತಾರೆ. ಶಬ್ದ ಜೋರು, ಗಮ್ಮತ್ತು ಜೋರು, ಬೀದಿಯಲ್ಲಿ ನಿಧಾನಕ್ಕೆ ಹೋಗುವಾಗ ಕಿರಿಕಿರಿಯೂ ಜೋರು. ದಿನಾ ಆಫೀಸಿಗೆ ಹೋಗೋ ಕಾರಿಗೆ ಒಳ್ಳೇ ಕೈಯಿಂದ ತಿದ್ದಿದ ನಿಕ್ಕಿಯೇ ವಾಸಿ ಅಂತ ನನ್ನ ಅಭಿಪ್ರಾಯ.

ಗೆಳೆಯ ಫೋಟೋ ಕಳಿಸಿದ. ತೊಳೆದು ಬೆಳಗಿದ ಬೆಳ್ಳಿ ಪಂಚಪಾತ್ರೆ ಥರ ಹೊಳೀತಿತ್ತು. ನಾನು ಆವತ್ತು ಮೈಸೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮೈಸೂರು ಅಂದರೆ ಗೊತ್ತಲ್ಲ, ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕು ಮಾಡಿದ ಊರು. ಮಾವ ಮೂವತ್ತು ವರ್ಷ ಅದೇ ಬೈಕುಗಳನ್ನು ಬಿಚ್ಚಿ ಜೋಡಿಸಿದ ಮೇಸ್ತ್ರಿ. ಫೋನನ್ನು ದೂರ ಹಿಡಿದು ನೋಡಿದರು.

‘‘ಯಾವ ಗಾಡಿ ಕಾರ್ಬೇಟರೋ ಇದು?’’

‘‘ಜಪಾನಿಂದು ಮಾವ. ಪಿಸ್ಟನ್ ಇರಲ್ಲ, ವಾಲ್ವೂ ಇರಲ್ಲ, ಗೋಡೆಯಲ್ಲಿ ಕಿಂಡಿ.’’

‘‘ಹಂಗಾದ್ರೆ ನಮ್ಮ ಯೆಜ್ಡಿ ದಾಯಾದಿ ಅನ್ನು. ಎಣ್ಣೆ ಎಲ್ಲಿಂದ ಹೋಗುತ್ತೆ ಕಣೋ ಇದಕ್ಕೆ?’’

ಯೆಜ್ಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕಿತ್ತು. ಬೆರೆಸದೆ ಓಡಿಸಿದವರ ಪಿಸ್ಟನ್ ಕಚ್ಚಿಕೊಂಡು ನಿಂತದ್ದನ್ನು ಮಾವ ಎಷ್ಟು ಸಲ ನೋಡಿದ್ದಾರೋ! ಗೆಳೆಯನಿಗೆ ಆಗಲೇ ಫೋನ್ ಮಾಡಿ, ‘ನಿನ್ನ ಕಾರಲ್ಲಿ ಈಗಿರೋ ಕಾರ್ಬುರೇಟರಿನ ಫೋಟೋ ಕಳಿಸು’ ಅಂದೆ. ಬಂತು. ಅದಕ್ಕೆ ಎರಡು ಸಣ್ಣ ಪೈಪು ಬಂದು ಸೇರಿದ್ದವು. 12ಎ ಎಂಜಿನ್ನಿಗೆ ಒಂದು ಪುಟ್ಟ ಎಣ್ಣೆ ಪಂಪ್ ಇದೆ. ಅದು ಎಂಜಿನ್ ಆಯಿಲನ್ನೇ ಹನಿ ಹನಿಯಾಗಿ ಆ ಪೈಪುಗಳಲ್ಲಿ ಕಾರ್ಬುರೇಟರಿಗೆ ಕಳಿಸುತ್ತೆ. ಅಲ್ಲಿಂದ ಅದು ಗಾಳಿ, ಪೆಟ್ರೋಲಿನ ಜೊತೆ ಒಳಗೆ ಹೋಗಿ ಅಪೆಕ್ಸ್ ಸೀಲಿಗೆ ಜಾರಿಕೆ ಕೊಡುತ್ತೆ. ಫ್ಲೋರಿಡಾದವನ ಹೊಳೆಯೋ ಕಾರ್ಬುರೇಟರಿನಲ್ಲಿ ಆ ಎರಡೂ ತೂತಿಗೆ ಹಿತ್ತಾಳೆ ಸ್ಕ್ರೂ ಹೊಡೆದು ಮುಚ್ಚಿತ್ತು!

ಗೆಳೆಯ ಅವನನ್ನೇ ಕೇಳಿದ. ‘‘ಹೌದು, ನಾನು ರೇಸಿಗೆ ಓಡಿಸ್ತಿದ್ದೆ, ಪಂಪ್ ಕಿತ್ತುಹಾಕಿ ಪೆಟ್ರೋಲಿಗೇ ಎಣ್ಣೆ ಬೆರೆಸ್ತಿದ್ದೆ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ’’ ಅಂದನಂತೆ. ತಪ್ಪೂ ಅಲ್ಲ, ಆ ಪದ್ಧತಿಯೂ ಇದೆ. ಒಂದು ಅಮೆರಿಕನ್ ಗ್ಯಾಲನ್, ಅಂದರೆ 3.78 ಲೀಟರ್ ಪೆಟ್ರೋಲಿಗೆ ಒಂದು ಔನ್ಸ್, ಸುಮಾರು 30 ಮಿಲಿ ಎಣ್ಣೆ. ‘‘ಯೆಜ್ಡಿಗಿಂತ ಕಮ್ಮೀನೇ ಆಯ್ತಲ್ಲ’’ ಅಂದರು ಮಾವ. ಆದರೆ ಬೆರೆಸಬೇಕು ಅಂತ ಗೊತ್ತಿದ್ದವನು ಬೆರೆಸುತ್ತಾನೆ. ನಮ್ಮ ಗೆಳೆಯ ಪಾರ್ಸೆಲ್ ಬಿಚ್ಚಿ, ಕೂರಿಸಿ, ಬರೀ ಪೆಟ್ರೋಲ್ ಹಾಕಿಕೊಂಡು ಹೆದ್ದಾರಿಗೆ ಇಳಿಯುತ್ತಿದ್ದ. ಸೀಲು ಒಣಗುತ್ತಿತ್ತು. ಒಂದು ಸೀಲ್ ಹೋಯಿತು ಅಂದರೆ ಎಂಜಿನ್ನನ್ನೇ ಕೆಳಗಿಳಿಸಿ ಬಿಚ್ಚಬೇಕು. ಆ ಖರ್ಚಿನ ಮುಂದೆ 650 ಡಾಲರ್ ಕಡಲೆಕಾಯಿ ದುಡ್ಡು. ತಂಗಿ ಮದುವೆಗೆ ಅಣ್ಣನ ಬದಲು ಅಣ್ಣನ ಫೋಟೋ ಕೂರಿಸಬೇಕಾಗುತ್ತಿತ್ತು.

ಅಲ್ಲಿಂದ ಶುರುವಾಯಿತು ನೋಡಿ, ಮಾವನ ಪ್ರಶ್ನೆಪತ್ರಿಕೆ.

‘‘ಆ ಊರು ಎಷ್ಟು ಎತ್ತರದಲ್ಲಿದೆ?’’ ಡೆನ್ವರ್ 5280 ಅಡಿ, ಸರಿಯಾಗಿ ಒಂದು ಮೈಲಿ. ನಮ್ಮ ಮಡಿಕೇರಿಗಿಂತಲೂ ಎತ್ತರ. ಫ್ಲೋರಿಡಾ ಸಮುದ್ರದ ಪಕ್ಕ. ಮಂಗಳೂರಿನಲ್ಲಿ ಜೆಟ್ ಹೊಂದಿಸಿದ ಬೈಕನ್ನು ಮಡಿಕೇರಿ ಘಟ್ಟ ಹತ್ತಿಸಿದರೆ ಕೆಮ್ಮುತ್ತಲ್ಲ, ಅದೇ ರೋಗ. ಮೇಲೆ ಗಾಳಿ ತೆಳು, ಜೆಟ್ ಮಾತ್ರ ಹಳೇ ಲೆಕ್ಕದಲ್ಲೇ ಪೆಟ್ರೋಲ್ ಬಡಿಸುತ್ತೆ. ರೋಟರಿಗೆ ಪೆಟ್ರೋಲ್ ಜಾಸ್ತಿಯಾದರೆ ಪ್ಲಗ್ ನೆನೆದು ಸ್ಟಾರ್ಟೇ ಆಗೋದಿಲ್ಲ ಅಂತ ಹಟ ಹಿಡಿಯುತ್ತೆ. ಅದು ಬರೀ ತಲೆನೋವು. ಉಲ್ಟಾ ಆದರೆ, ಅಂದರೆ ಪೆಟ್ರೋಲ್ ಕಮ್ಮಿಯಾದರೆ, ಅದು ಪ್ರಾಣಕ್ಕೇ ಸಂಚಕಾರ. ಒಳಗೆ ಬೆಂಕಿ ಹೊತ್ತು ಕೆಟ್ಟು ಬಡಿಯುತ್ತೆ, ಆ ಬಡಿತಕ್ಕೆ ಸೀಲ್ ಚೂರಾಗುತ್ತೆ. ಡೆನ್ವರಿನಲ್ಲಿ ಹೊಂದಿಸಿದ್ದನ್ನು ಫ್ಲೋರಿಡಾದವನು ಕಣ್ಣು ಮುಚ್ಚಿ ಕೊಂಡರೆ ಹಾಗಾಗುತ್ತೆ.

‘‘ಅವನ ಎಂಜಿನ್ ಕಿಂಡಿ ಕೊರೆಸಿದ್ನಾ? ನಿನ್ನ ಫ್ರೆಂಡ್‌ದು ಕಂಪನಿ ಕಿಂಡೀನಾ?’’ ಇದು ಬಹಳ ದೊಡ್ಡ ಮಾತು. ರೋಟರಿಯಲ್ಲಿ ಕಿಂಡಿ ದೊಡ್ಡದು ಮಾಡಿಸಿದರೆ ಅದು ಉಸಿರಾಡೋ ರೀತಿಯೇ ಬೇರೆ, ಕಾರ್ಬುರೇಟರಿನ ಲೆಕ್ಕವೂ ಬೇರೆ. ಇನ್ನೊಬ್ಬನ ಅಳತೆಗೆ ಹೊಲಿದ ಪ್ಯಾಂಟು ಎಷ್ಟೇ ದುಬಾರಿ ಬಟ್ಟೆಯದಾದರೂ ನಮ್ಮ ಸೊಂಟಕ್ಕೆ ನಿಲ್ಲಬೇಕಲ್ಲ? ಕೊನೆಗೆ ಗೊತ್ತಾದದ್ದು, ಫ್ಲೋರಿಡಾದವನದು ಕಿಂಡಿ ಕೊರೆಸಿದ್ದು, ಸೈಲೆನ್ಸರೂ ಬೇರೆ.

ಥ್ರಾಟಲ್ ಕಡ್ಡಿ ಅಲ್ಲಾಡುತ್ತಾ ಅಂತ ವಿಡಿಯೋ ಕೇಳಿಸಿದರು. ನಲವತ್ತು ವರ್ಷದ ಸಾಮಾನು, ಕಡ್ಡಿ ಸವೆದಿದ್ದರೆ ಪಕ್ಕದಿಂದ ಗಾಳಿ ಕದಿಯುತ್ತೆ, ಆಮೇಲೆ ಯಾವ ಜೆಟ್ ಹಾಕಿದರೂ ಐಡಲಿಂಗ್ ನಿಲ್ಲೋದಿಲ್ಲ. ಅದು ಸರಿಯಿತ್ತು. ನಿಕ್ಕಿಯಲ್ಲಿ ಪೆಟ್ರೋಲ್ ಮಟ್ಟ ನೋಡೋಕೆ ಪುಟ್ಟ ಗಾಜಿನ ಕಿಂಡಿ ಇರುತ್ತೆ, ಅದೂ ಚೆನ್ನಾಗಿತ್ತು. ಮಾವನಿಗೆ ಆ ಗಾಜು ಬಹಳ ಹಿಡಿಸಿತು. ‘‘ನಮ್ಮೋರೂ ಹಿಂಗೊಂದು ಇಟ್ಟಿದ್ರೆ ನನ್ನ ಅರ್ಧ ಆಯಸ್ಸು ಉಳೀತಿತ್ತು’’ ಅಂದರು.

ಎಲ್ಲಕ್ಕಿಂತ ಕಡೆಗೆ ಕೇಳಿದ್ದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕಿತ್ತು: ಈಗಿರೋ ಎಂಜಿನ್ನಿನ ಕಂಪ್ರೆಶನ್ ಎಷ್ಟು? ಒಳಗೆ ಸೀಲ್ ಸವೆದಿದ್ದರೆ ಮೇಲೆ ಚಿನ್ನದ ಕಾರ್ಬುರೇಟರ್ ಕೂರಿಸಿದರೂ ದಂಡ. ಒಂದು ರೋಟರಿಗೆ ಮೂರು ಮುಖ, ಮೂರರ ಲೆಕ್ಕವೂ ಬೇರೆಬೇರೆ ಬರಬೇಕು. ಮಾಮೂಲಿ ಗೇಜು ಮೂರರಲ್ಲಿ ದೊಡ್ಡದನ್ನು ಮಾತ್ರ ತೋರಿಸಿ ಸುಮ್ಮನಾಗುತ್ತೆ. ರೋಟರಿಗೆಂದೇ ಬೇರೆ ಗೇಜಿದೆ. ಗೆಳೆಯ ಒಂದು ಶನಿವಾರ ಇಡೀ ಓಡಾಡಿ ಪರೀಕ್ಷೆ ಮಾಡಿಸಿದ. ಹಿಂದಿನ ರೋಟರ್ ಸ್ವಲ್ಪ ಕಮ್ಮಿ, ಆದರೆ ಮೂರು ಮುಖವೂ ಸಮ. ‘‘ಸಮ ಇದ್ಯಲ್ಲ, ಭಯ ಇಲ್ಲ, ತಗೊಳ್ಳಿ’’ ಅಂತ ಮಾವನ ಅಪ್ಪಣೆಯಾಯಿತು.

ಈಗ ವ್ಯಾಪಾರ ಬೇರೆ ಥರ ಆಯಿತು. ಫ್ಲೋರಿಡಾದವನೂ ಕೆಟ್ಟವನಲ್ಲ, ಕೈಕೆಲಸದ ಮನುಷ್ಯ. ಕೇಳಿದ ಮೇಲೆ ಪಟಪಟ ಅಂತ ಮಾಡಿಕೊಟ್ಟ. ಎಣ್ಣೆಯ ಎರಡು ತೂತು ಬಿಡಿಸಿದ, ಡೆನ್ವರಿನ ಗಾಳಿಗೂ ಕಂಪನಿ ಕಿಂಡಿಗೂ ಅಂದಾಜು ಹಾಕಿ ಜೆಟ್ ಬದಲಿಸಿದ, ಹೆಚ್ಚು-ಕಮ್ಮಿ ನೋಡಿಕೊಳ್ಳಲಿ ಅಂತ ಇನ್ನೊಂದಿಷ್ಟು ಜೆಟ್ಟುಗಳನ್ನು ಪೊಟ್ಟಣ ಕಟ್ಟಿ ಪಾರ್ಸೆಲಿನಲ್ಲೇ ಇಟ್ಟ. ಅದಕ್ಕೆ 40 ಡಾಲರ್ ಜಾಸ್ತಿ.

ಕಾರ್ಬುರೇಟರ್ ಕೂತಿದೆ. ಸೈಲೆನ್ಸರ್ ಪೈಪಿಗೆ ಗಾಳಿ-ಪೆಟ್ರೋಲಿನ ಲೆಕ್ಕ ತೋರಿಸೋ ಮೀಟರ್ ಒಂದನ್ನು ಯಾರದೋ ಹತ್ತಿರ ಎರವಲು ತಂದು ಹಾಕಿದ್ದಾನೆ. ಪೂರ್ತಿ ಪೆಡಲ್ ಒತ್ತಿದಾಗ ಒಂದು ಪಾಲು ಪೆಟ್ರೋಲಿಗೆ ಹನ್ನೆರಡೂವರೆ ಪಾಲು ಗಾಳಿ. ಹದಿನೈದರ ಹತ್ತಿರ ಹೋದರೆ ಕಾಲು ತೆಗಿ ಅಂತ ಹೇಳಿಟ್ಟಿದ್ದೇವೆ. 7000 ಸುತ್ತಿಗೆ ಏರುವಾಗ ಪಿಸ್ಟನ್ ಎಂಜಿನ್ ಥರ ಅದುರೋದೇ ಇಲ್ಲವಂತೆ. ಫೋನಿನಲ್ಲಿ ಕೇಳಿದರೆ ಜೇನುಗೂಡಿಗೆ ಮೈಕು ಹಿಡಿದ ಹಾಗಿದೆ.

ಆ ಶಬ್ದವನ್ನು ಮಾವನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಎರಡು ಸಲ ಕೇಳಿದರು.

‘‘ಐಡಲಿಂಗ್‌ನಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಕುಡೀತಾ ಇದೆ. ಸ್ಕ್ರೂ ಕಾಲು ಸುತ್ತು ಒಳಕ್ಕೆ ತಿರುಗಿಸೋಕೆ ಹೇಳು. ಟಿಕೆಟ್ ತಗೊಂಡ್ನಂತಾ?’’

‘‘ತಗೊಂಡ ಮಾವ.’’

‘‘ಬರೋವಾಗ ಆ ಹಳೇ ಕಾರ್ಬೇಟರ್ ತರೋಕೆ ಹೇಳು. ಬಿಚ್ಚಿ ನೋಡೋಣ.’’