ಕಾಸಿಗೆ ತಕ್ಕ ಕಜ್ಜಾಯವೇ?

ವಿಚಾರ ಮಾಡುವ ಶ್ರಮವನ್ನು ತಪ್ಪಿಸುವುದಕ್ಕಾಗಿಯೇ ಬದುಕಿಕೊಂಡಿರುವ ಕೆಲವು ಗಾದೆಗಳು ನಮ್ಮಲ್ಲಿವೆ. ‘ಕಾಸಿಗೆ ತಕ್ಕ ಕಜ್ಜಾಯ’ ಎಂಬುದು ಅವುಗಳಲ್ಲೊಂದು. ದೊಡ್ಡ ಅಂಗಡಿಗಳು ತಮ್ಮದೇ ಹೆಸರಿನಲ್ಲಿ ಕಟ್ಟಿಸಿ ಅಗ್ಗವಾಗಿ ಮಾರುವ ಬೇಳೆ, ಉಪ್ಪು, ಸಕ್ಕರೆ, ಹಿಟ್ಟುಗಳ ಮಾತು ಬಂದಾಗಲೆಲ್ಲ ಸಂಬಳದಾರರಾದ ನಮ್ಮವರು ಈ ಗಾದೆಯನ್ನು ಮುಂದೊಡ್ಡಿ ಮಾತು ಮುಗಿಸುತ್ತಾರೆ. ಬೀದರದ ಕಡೆಯವರಾದರೆ ದಖನಿಯ ಬೆಂಬಲವೂ ಉಂಟು: ‘ಸಸ್ತಾ ರೋಯೇ ಬಾರ್ ಬಾರ್, ಮಹಂಗಾ ರೋಯೇ ಏಕ್ ಬಾರ್.’ ಸಸ್ತಾ ಕೊಂಡವನು ಮತ್ತೆ ಮತ್ತೆ ಅಳುತ್ತಾನೆ, ತುಟ್ಟಿ ಕೊಂಡವನು ಒಮ್ಮೆ ಮಾತ್ರ ಅಳುತ್ತಾನೆ ಎಂದು ಅದರರ್ಥ. ಎರಡು ಭಾಷೆಗಳಲ್ಲಿ ಹೇಳಿದ ಮಾತ್ರಕ್ಕೆ ಒಂದು ಮಾತು ನಿಜವಾಗುವುದಿಲ್ಲ. ಕಾಳು, ಬೇಳೆ, ಉಪ್ಪು, ಸಕ್ಕರೆಗಳ ಮಟ್ಟಿಗೆ ಈ ಎರಡು ಗಾದೆಗಳೂ ಸಲ್ಲವೆಂದೂ, ನಾವು ತೆರುವ ಹೆಚ್ಚಿನ ಹಣ ಕಜ್ಜಾಯಕ್ಕಲ್ಲ, ಕಜ್ಜಾಯ ಸುತ್ತಿದ ಕಾಗದಕ್ಕೆಂದೂ ನನ್ನ ವಾದ.

ಈ ಗಾದೆ ಹುಟ್ಟಿದ ಕಾಲದಲ್ಲಿ ಕೊಳ್ಳುವವನ ಕಣ್ಣೆದುರಿಗೆ ಕಜ್ಜಾಯವಿತ್ತು. ಅದರ ಗಾತ್ರ, ಬಣ್ಣ, ತುಪ್ಪದ ವಾಸನೆ ಎಲ್ಲವೂ ಅವನ ಪರೀಕ್ಷೆಗೆ ಸಿಗುತ್ತಿದ್ದವು. ಕಾಳನ್ನು ಅಂಗೈಯಲ್ಲಿ ಹರಡಿಕೊಂಡು, ಹಲ್ಲಿನಲ್ಲಿ ಕಡಿದು, ಹೊಸದೋ ಹಳೆಯದೋ ಎಂದು ಹೇಳಬಲ್ಲ ಹಿರಿಯರು ಬೀದರದ ಗಾಂಧಿ ಗಂಜಿನಲ್ಲಿ ಈಗಲೂ ಇದ್ದಾರೆ. ಅವರ ಬಾಯಲ್ಲಿ ಈ ಗಾದೆ ಒಪ್ಪುತ್ತದೆ. ಒಳಗೇನಿದೆಯೆಂದು ಮುಟ್ಟಿ ನೋಡದೆ, ಚೀಲದ ಮೇಲಿನ ಚಿತ್ರವನ್ನು ನೋಡಿ ದುಡ್ಡು ಎಣಿಸುವ ನಾವು ಯಾವ ಬಾಯಿಂದ ಆ ಮಾತನ್ನಾಡಬೇಕು? ಕಾಸು ನಮಗೆ ಗೊತ್ತು, ಕಜ್ಜಾಯ ಗೊತ್ತಿಲ್ಲ. ಕಾಸು ಹೆಚ್ಚಾಗಿರುವುದರಿಂದ ಕಜ್ಜಾಯ ಒಳ್ಳೆಯದೇ ಇರಬೇಕೆಂದು ಊಹಿಸುತ್ತೇವೆ. ಗಾದೆಯನ್ನು ಹೀಗೆ ತಲೆಕೆಳಗು ಮಾಡಿದವರು ನಾವೇ.

ತೊಗರಿಬೇಳೆಯನ್ನೇ ತೆಗೆದುಕೊಳ್ಳೋಣ. ನಾನಿರುವ ಮೈಲೂರಿನಿಂದ ಭಾಲ್ಕಿಯ ಕಡೆಗಾಗಲಿ ಔರಾದಿನ ಕಡೆಗಾಗಲಿ ಹೊರಟರೆ ಊರು ಮುಗಿಯುತ್ತಲೇ ಹೊಲಗಳು. ಈಚಿನ ವರ್ಷಗಳಲ್ಲಿ ಸೋಯಾ ಹೆಚ್ಚಾಗಿದೆ ನಿಜ. ಆದರೂ ತೊಗರಿ, ಉದ್ದು, ಹೆಸರುಗಳ ಸೀಮೆಯೆಂಬ ನಮ್ಮ ಹಿರಿಮೆ ಹೋಗಿಲ್ಲ. ನೆರೆಯ ಕಲಬುರಗಿಯ ತೊಗರಿಬೇಳೆಗಂತೂ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೇ ದೊರಕಿತು. ಆ ಊರಿನಲ್ಲಿ ಬೇಳೆಯ ಗಿರಣಿಗಳು ನೂರಾರು ಇವೆ. ಹೊಲದ ತೊಗರಿ ಗಂಜಿಗೆ ಹೋಗುತ್ತದೆ, ಗಂಜಿನಿಂದ ಗಿರಣಿಗೆ. ಅಲ್ಲಿ ಕಲ್ಲು ಕಸ ತೆಗೆದು, ಸಿಪ್ಪೆ ಸಡಿಲಾಗಲೆಂದು ಕಾಳಿಗೆ ಎಣ್ಣೆ ಸವರಿ, ನೀರು ಕೊಟ್ಟು, ಒಣಗಿಸಿ, ಉರುಳೆಗೆ ಹಾಕಿ ಒಡೆಯುತ್ತಾರೆ. ಆಮೇಲೆ ಜರಡಿ ಹಿಡಿದು, ಇಡಿಯಾದ ದಪ್ಪ ಬೇಳೆ ಬೇರೆ, ಮುಕ್ಕಾದದ್ದು ಬೇರೆ, ನುಚ್ಚು ಬೇರೆ ಎಂದು ದರ್ಜೆ ಮಾಡುತ್ತಾರೆ. ಮೇಲು ದರ್ಜೆಗೆ ವ್ಯಾಪಾರದವರ ಬಾಯಲ್ಲಿ ‘ಫಟ್ಕಾ’ ಎಂದು ಹೆಸರು. ಬೇಳೆಯ ಯೋಗ್ಯತೆ ನಿಶ್ಚಯವಾಗುವುದು ತಳಿ, ಮಣ್ಣು, ಕಾಳಿನ ವಯಸ್ಸು ಮತ್ತು ಈ ದರ್ಜೆಯಿಂದ. ಇವೆಲ್ಲವೂ ಮುಗಿದ ಮೇಲೆಯೇ ಹೆಸರಿನ ಪ್ರವೇಶ. ಒಂದೇ ಗಿರಣಿಯಲ್ಲಿ, ಒಂದೇ ದರ್ಜೆಯ ರಾಶಿಯಿಂದ ನಾಲ್ಕು ಹೆಸರುಗಳ ಚೀಲಗಳನ್ನು ತುಂಬುವುದಕ್ಕೆ ಯಾವ ಅಡ್ಡಿಯೂ ಇಲ್ಲ. ದೊಡ್ಡ ಅಂಗಡಿಯವರಿಗೂ ಹೊಲವಿಲ್ಲ, ಹೆಸರಾಂತ ಕಂಪನಿಗಳಿಗೂ ಹೊಲವಿಲ್ಲ. ಇಬ್ಬರೂ ಕೊಳ್ಳುವವರೇ.

ಇನ್ನು ಲೆಕ್ಕ. 2025-26ರ ಮುಂಗಾರಿಗೆ ಕೇಂದ್ರ ಸರಕಾರ ತೊಗರಿಗೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ನೂರು ಕಿಲೋ ತೊಗರಿಗೆ ಎಪ್ಪತ್ತು ಕಿಲೋ ಬೇಳೆ ಎಂದು ಹಿಡಿದರೆ, ಬೇಳೆಯೊಳಗಿನ ತೊಗರಿಯ ಬೆಲೆ ಕಿಲೋಗೆ ಸುಮಾರು 114 ರೂಪಾಯಿ. ಹೊಟ್ಟು, ನುಚ್ಚುಗಳನ್ನು ದನದ ಮೇವಿಗೆ ಮಾರಿ ಗಿರಣಿಯವರು ಅದರಲ್ಲಿಯೂ ಒಂದಿಷ್ಟು ಮರಳಿ ಪಡೆಯುತ್ತಾರೆ. ಅದರ ಮೇಲೆ ಗಿರಣಿಯ ಕೂಲಿ, ಸಾಗಣೆ, ಚೀಲ, ದಲಾಲರ ಮತ್ತು ಅಂಗಡಿಯವರ ನ್ಯಾಯವಾದ ಲಾಭ ಸೇರಬೇಕಾದದ್ದೇ. ದುಡಿದವರಿಗೆ ಕೂಲಿ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಈ ಕೂಲಿ ಅಗ್ಗದ ಚೀಲದಲ್ಲಿಯೂ ಸೇರಿದೆ. ಅದಕ್ಕೂ ಮೇಲೆ ಕಿಲೋಗೆ 40 ರೂಪಾಯಿ ಹೆಚ್ಚು ಕೇಳುವ ಚೀಲ, ಆ 40 ರೂಪಾಯಿಗೆ ಏನು ಕೊಡುತ್ತದೆ? ದೂರದರ್ಶನದಲ್ಲಿ ನಗುವ ತಾರೆಯ ಸಂಭಾವನೆಯೂ ಬಣ್ಣದ ಅಚ್ಚಿನ ಖರ್ಚೂ ಅದರೊಳಗಿವೆ. ತಿಂಗಳಿಗೆ 4 ಕಿಲೋ ಬೇಳೆ ಬೇಯಿಸುವ ಮನೆಯವರು ವರ್ಷಕ್ಕೆ 1,920 ರೂಪಾಯಿಯನ್ನು ಹೀಗೆ ತೆರುತ್ತಾರೆ, ಅದೂ ಬೇಳೆಯೊಂದಕ್ಕೇ. ನಮ್ಮ ಹೊಲದ ತೊಗರಿಯನ್ನು ನಾವೇ, ದೂರದ ಪಟ್ಟಣದಲ್ಲಿ ಅಚ್ಚಾದ ಚೀಲದಲ್ಲಿ ಮರಳಿ ಕೊಳ್ಳುವಾಗ ತೆರುವ ಕಪ್ಪ ಇದು.

ಕಾಯಿದೆ ಕೂಡ ಒಮ್ಮೆ ಈ ಸತ್ಯವನ್ನು ಬಾಯಿಬಿಟ್ಟು ಹೇಳಿತ್ತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ನೋಂದಾಯಿಸಿದ ಹೆಸರು ಹೊತ್ತ ಬೇಳೆಯ ಚೀಲಕ್ಕೆ ನೂರಕ್ಕೆ 5ರಂತೆ ತೆರಿಗೆ ಬಿತ್ತು. ಹೆಸರಿಲ್ಲದ ಅದೇ ಬೇಳೆಗೆ ತೆರಿಗೆಯಿರಲಿಲ್ಲ. 2022ರ ಜುಲೈ 18ರಿಂದ ಆ ತೆರಿಗೆ, ಹೆಸರಿರಲಿ ಬಿಡಲಿ, ಮೊದಲೇ ಕಟ್ಟಿ ಚೀಟಿ ಹಚ್ಚಿದ ಚೀಲಗಳಿಗೆಲ್ಲ ಹಬ್ಬಿತು. ಆ ಐದು ವರ್ಷ ಸರಕಾರದ ದೃಷ್ಟಿಯಲ್ಲಿ ಬೇಳೆಯೇ ಒಂದು, ಹೆಸರೇ ಇನ್ನೊಂದು ಆಗಿದ್ದವು. ಕನ್ನಡದಲ್ಲಿ ‘ಹೆಸರು’ ಎಂದರೆ ಒಂದು ಕಾಳೂ ಹೌದು, ನಾಮಧೇಯವೂ ಹೌದು. ಆದರೆ ಬೇಯಿಸಿ ತಿನ್ನುವುದಕ್ಕೆ ಬರುವುದು ಮೊದಲನೆಯದು ಮಾತ್ರ.

ಉಪ್ಪು ಸಕ್ಕರೆಗಳ ವಿಷಯ ಇನ್ನೂ ಸ್ಪಷ್ಟ. ನಮ್ಮ ದೇಶದ ಉಪ್ಪಿನ ಬಹುಭಾಗ ಗುಜರಾತಿನದು. ಊಟದ ಉಪ್ಪಿಗೆ ಅಯೋಡಿನ್ ಸೇರಿಸಲೇಬೇಕೆಂದು ಕಾಯಿದೆಯಿದೆ. ಕೊಳ್ಳುವವರ ಕೈಸೇರುವಾಗ ಅದು ಹತ್ತು ಲಕ್ಷ ಭಾಗಕ್ಕೆ 15ಕ್ಕಿಂತ ಕಡಿಮೆಯಿರಬಾರದು. ಅಗ್ಗದ ಉಪ್ಪಿಗೂ ಇದೇ ಕಾಯಿದೆ, ತುಟ್ಟಿಯ ಉಪ್ಪಿಗೂ ಇದೇ ಕಾಯಿದೆ. ಸಕ್ಕರೆಯನ್ನು ಎಸ್-30, ಎಂ-30 ಎಂದು ಹರಳಿನ ಗಾತ್ರ, ಬಣ್ಣಗಳ ಮೇಲೆ ವಿಂಗಡಿಸುತ್ತಾರೆ. ಕಬ್ಬು ಬೆಳೆದು ಕಾರ್ಖಾನೆಗೆ ಸಾಗಿಸುವ ಜಿಲ್ಲೆ ನಮ್ಮದು. ಒಂದೇ ದರ್ಜೆಯ ಹರಳು ಒಂದು ಚೀಲದಲ್ಲಿ ಹೆಚ್ಚು ಸಿಹಿ, ಇನ್ನೊಂದರಲ್ಲಿ ಕಡಿಮೆ ಸಿಹಿ ಆಗುವುದಾದರೆ ಅದು ರಸಾಯನಶಾಸ್ತ್ರಕ್ಕೆ ಹೊಸ ಶೋಧವೇ ಸರಿ.

‘ರುಚಿ ಬೇರೆಯಿರುತ್ತದೆ, ನಾಲಿಗೆಗೆ ಗೊತ್ತಾಗುತ್ತದೆ’ ಎಂದು ನಮ್ಮ ಅಧ್ಯಾಪಕ ಮಿತ್ರರು ಪಟ್ಟು ಹಿಡಿದಾಗ, ನಾಲಿಗೆಯನ್ನೇ ಕೇಳೋಣವೆಂದು ಒಂದು ಭಾನುವಾರ ಮನೆಗೆ ಕರೆದೆ. ಹೆಸರಾಂತ ಚೀಲದ್ದು, ಅಂಗಡಿಯ ಸ್ವಂತ ಚೀಲದ್ದು, ಕಿರಾಣಿ ಅಂಗಡಿಯಲ್ಲಿ ತೂಗಿಸಿಕೊಂಡು ತಂದದ್ದು ಎಂದು ಮೂರು ಬಗೆಯ ಬೇಳೆ. ಅಳತೆ, ನೀರು, ಉಪ್ಪು, ಅರಿಸಿನ ಎಲ್ಲವೂ ಸಮ. ಯಾವುದು ಯಾವ ಬಟ್ಟಲಿನಲ್ಲಿದೆಯೆಂಬುದು ನನ್ನ ಹೆಂಡತಿಗೆ ಮಾತ್ರ ಗೊತ್ತು. ನಾಲ್ವರು ಮಿತ್ರರಲ್ಲಿ ಇಬ್ಬರು ಅಂಗಡಿಯ ಸ್ವಂತ ಬೇಳೆಯನ್ನೇ ದೊಡ್ಡ ಹೆಸರಿನದೆಂದು ಹೊಗಳಿದರು. ಒಬ್ಬರು ಚೀಲದ ಬೇಳೆಗಳೆರಡೂ ಒಂದೇ ಎಂದರು. ಮೂರನೆಯದು ಬೇಯಲು ಹೆಚ್ಚು ಹೊತ್ತು ಹಿಡಿಯಿತು, ಆದರೆ ಪರಿಮಳ ಅದರದೇ ಮೇಲು ಎಂದು ಎಲ್ಲರೂ ಒಪ್ಪಿದರು. ಇದನ್ನು ನಾನು ವಿಜ್ಞಾನವೆಂದು ಕರೆಯುವುದಿಲ್ಲ. ಆದರೆ ನಾಲಿಗೆಯ ಮೇಲೆ ಆಣೆಯಿಟ್ಟು ವಾದಿಸುವವರಿಗೆ ಇಷ್ಟು ಉತ್ತರ ಸಾಕು. ಈ ಸುದ್ದಿ ಕೇಳಿದ ನಮ್ಮ ಓಣಿಯ ಕಿರಾಣಿಯವರು ನಕ್ಕುಬಿಟ್ಟರು: “ಏನ್ರಿ ಸರ, ಬ್ಯಾಳಿ ಒಂದೇ ಅದ, ಅಂಗಿ ಅಷ್ಟೇ ಬ್ಯಾರೆ.”

ಎದುರು ಪಕ್ಷದ ಬಲವಾದ ವಾದ ರುಚಿಯದಲ್ಲ, ನಂಬಿಕೆಯದು. ‘ದೊಡ್ಡ ಹೆಸರಿನವರು ಹೆಸರು ಕೆಡಿಸಿಕೊಳ್ಳಲು ಅಂಜುತ್ತಾರೆ, ಆದ್ದರಿಂದ ಕಲಬೆರಕೆ ಮಾಡುವುದಿಲ್ಲ’ ಎನ್ನುತ್ತಾರೆ. ಕೇಳಲು ಸೊಗಸಾಗಿದೆ. ಆದರೆ 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 13 ಹೆಸರುಗಳ ಜೇನುತುಪ್ಪವನ್ನು ಪರೀಕ್ಷೆಗೊಡ್ಡಿದ ಫಲಿತಾಂಶ ಪ್ರಕಟಿಸಿದಾಗ, ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದವು 3 ಮಾತ್ರ. ಉಳಿದವುಗಳಲ್ಲಿ ಮನೆಮಾತಾದ ಹೆಸರುಗಳಿದ್ದವು. 2024ರ ಏಪ್ರಿಲಿನಲ್ಲಿ ಹಾಂಗ್‌ಕಾಂಗಿನ ಅಧಿಕಾರಿಗಳು ಎಂ.ಡಿ.ಎಚ್.ನ ಮೂರು, ಎವರೆಸ್ಟಿನ ಒಂದು ಮಸಾಲೆಯಲ್ಲಿ ಎಥಿಲೀನ್ ಆಕ್ಸೈಡ್ ಕಂಡೆವೆಂದು ಹೇಳಿ ಮಾರಾಟ ನಿಲ್ಲಿಸಲು ಸೂಚಿಸಿದರು. ಕಂಪನಿಗಳು ಎರಡು ಸಲವೂ ಆರೋಪವನ್ನು ಅಲ್ಲಗಳೆದವು. ತಪ್ಪು ಯಾರದೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಇಂಥ ಪ್ರಶ್ನೆಗಳು ಎದ್ದಾಗ ಉತ್ತರ ಕೊಡಬೇಕಾದದ್ದು ಪ್ರಯೋಗಶಾಲೆಯೇ ಹೊರತು ಹೆಸರಲ್ಲ ಎಂಬುದಷ್ಟೇ ನನ್ನ ಮಾತು. ಪ್ರಯೋಗಶಾಲೆ ಅಗ್ಗದ ಚೀಲವನ್ನೂ ತುಟ್ಟಿಯ ಚೀಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಹಾಗೆಂದು ಅಂಗಡಿಯ ಸ್ವಂತ ಚೀಲಗಳೆಲ್ಲ ಸತ್ಯಹರಿಶ್ಚಂದ್ರನ ಸಂತತಿಯೆಂದು ನಾನು ಹೇಳಿದರೆ, ಬಿಟ್ಟುಬಂದ ಮೌಢ್ಯದ ಜಾಗದಲ್ಲಿ ಇನ್ನೊಂದನ್ನು ಕೂರಿಸಿದಂತಾಗುತ್ತದೆ. ಪುಡಿ ಮಾಡಿದ ವಸ್ತುಗಳಲ್ಲಿ ಎಚ್ಚರ ಬೇಕು. ಮೆಣಸಿನಪುಡಿ, ಅರಿಸಿನಪುಡಿ, ಮಸಾಲೆಗಳಲ್ಲಿ ಮೂಲವಸ್ತು ಕಣ್ಣಿಗೆ ಮರೆಯಾಗಿರುತ್ತದೆ. ಬ್ಯಾಡಗಿಯ ಕಾಯಿಗೂ ಗುಂಟೂರಿನ ಕಾಯಿಗೂ ಇರುವ ಅಂತರ, ಒಂದರ ಬಣ್ಣ ಇನ್ನೊಂದರ ಖಾರ, ಪುಡಿಯಾದ ಮೇಲೆ ಯಾರಿಗೆ ತಿಳಿಯಬೇಕು? ಚಹಾದಲ್ಲಿ ಹದವರಿತು ಬೆರೆಸುವವರ ಕೌಶಲಕ್ಕೆ ಬೆಲೆಯುಂಟು. ಅಲ್ಲಿ ಹೆಸರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ನಾನು ತಕರಾರು ಮಾಡುವುದಿಲ್ಲ. ಪಾಲಿಶ್ ಮಾಡದ ಬೇಳೆಯೆಂದು ಹೇಳಿ ಮಾರುವವರ ಮಾತಿನಲ್ಲಿಯೂ ಹುರುಳಿದೆ. ನೀರೋ ಎಣ್ಣೆಯೋ ಹಚ್ಚಿ ಉಜ್ಜಿದ ಹೊಳಪು ಕಣ್ಣಿಗೇ ಹೊರತು ಹೊಟ್ಟೆಗಲ್ಲ. ಆದರೆ ಹೊಳಪಿಲ್ಲದ ಬೇಳೆ ಅವರೊಬ್ಬರ ಸ್ವತ್ತಲ್ಲ. ಅಂಗಡಿಯವರ ಚಪಲವನ್ನೂ ನೋಡಿ: ಅಗ್ಗದ ಚೀಲಕ್ಕೆ ಇಟ್ಟ ಹೆಸರುಗಳು ‘ರಾಯಲ್’, ‘ಪ್ರೀಮಿಯಾ’! ಫ್ರಾನ್ಸಿನ ಕಾರ್‌ಫೂರ್ ಅಂಗಡಿಯವರು 1976ರಲ್ಲಿ ಹೆಸರಿನ ಭಾರವಿಲ್ಲದ ಐವತ್ತು ಸರಕುಗಳನ್ನು ಬೋಳು ಹೊದಿಕೆಯಲ್ಲಿ ಮಾರಾಟಕ್ಕಿಟ್ಟರು. ಕೆನಡಾದಲ್ಲಿ ಲೋಬ್ಲಾ ಅಂಗಡಿಯವರು 1978ರಲ್ಲಿ ಹಳದಿ ಹೊದಿಕೆಯ ಮೇಲೆ ‘ಹೆಸರಿಲ್ಲ’ ಎಂದೇ ಅಚ್ಚು ಹಾಕಿಸಿದರು. ನಮ್ಮಲ್ಲಿ ಅಗ್ಗದ ಬೇಳೆಗೂ ಅರಸೊತ್ತಿಗೆ ಬೇಕಾಗಿದೆ. ಏಕೆಂದರೆ ಕೊಳ್ಳುವ ನಮಗೆ ನಾಚಿಕೆ.

ಈ ನಾಚಿಕೆಯೇ ರೋಗದ ಮೂಲ. ಮನೆಗೆ ಬಂದ ನೆಂಟರು ಅಡಿಗೆಮನೆಯ ಹಲಗೆಯ ಮೇಲೆ ಯಾವ ಚೀಲ ನೋಡುತ್ತಾರೋ ಎಂಬ ಅಳುಕಿನಿಂದ ತುಟ್ಟಿಯದನ್ನು ತರುವ ಗೃಹಸ್ಥರನ್ನು ನಾನು ಬಲ್ಲೆ. ಸಂಬಳದವರ ಈ ಆಡಂಬರ ಅವರಲ್ಲಿಯೇ ನಿಂತಿದ್ದರೆ ಚಿಂತೆಯಿರಲಿಲ್ಲ. ನಮ್ಮನ್ನು ನೋಡಿ, ದಿನಗೂಲಿಯ ಮೇಲೆ ಬದುಕುವ ತಾಯಿಯೊಬ್ಬಳು ‘ಅಗ್ಗದ್ದು ತಿನಿಸಿದರೆ ಮಕ್ಕಳಿಗೆ ಕೆಡುಕು’ ಎಂದು ಹೆದರುತ್ತಾಳೆ; ಎರಡು ಕಿಲೋ ಬರುವ ದುಡ್ಡಿಗೆ ಒಂದೂವರೆ ಕಿಲೋ ತರುತ್ತಾಳೆ. ಹೆಸರಿನ ಮೋಹಕ್ಕೆ ಬೆಲೆ ತೆರುವುದು ಆ ಮಕ್ಕಳ ಬಟ್ಟಲು. 2023ರ ಜುಲೈನಲ್ಲಿ ಕೇಂದ್ರ ಸರಕಾರ ‘ಭಾರತ್’ ಹೆಸರಿನಲ್ಲಿ ಕಡಲೆಬೇಳೆಯನ್ನು ಕಿಲೋಗೆ 60 ರೂಪಾಯಿಯಂತೆ ಮಾರಲು ತೊಡಗಿದಾಗ, ‘ಅಷ್ಟು ಅಗ್ಗವೆಂದರೆ ಏನಿರುತ್ತದೋ’ ಎಂದು ಮೂಗು ಮುರಿದವರು ಉಪವಾಸವಿದ್ದವರಲ್ಲ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಮಾರಯ್ಯನ ಕಥೆ ನಡೆದದ್ದು ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ. ಆ ಅಕ್ಕಿಯ ಯೋಗ್ಯತೆಯನ್ನು ಯಾರೂ ಬೆಲೆಯಿಂದ ಅಳೆಯಲಿಲ್ಲ.

‘ಹಾಗಾದರೆ ನೀವು ದೊಡ್ಡ ಅಂಗಡಿಗಳ ವಕೀಲರೋ? ಓಣಿಯ ಕಿರಾಣಿಯವರ ಗತಿಯೇನು?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ದೊಡ್ಡ ಅಂಗಡಿ ಗಿರಣಿಯವರನ್ನು ಹಿಂಡಿ ಅಗ್ಗ ಮಾಡುವುದುಂಟು. ಗಿರಣಿಯವರು ರೈತರನ್ನು ಹಿಂಡುವುದುಂಟು. ಆದರೆ ತುಟ್ಟಿಯ ಚೀಲ ಕೊಂಡರೆ ಹೆಚ್ಚಿನ ಹಣ ಔರಾದಿನ ರೈತರಿಗೆ ಹೋಗುತ್ತದೆಂದು ಯಾರಾದರೂ ನಂಬಿದ್ದರೆ, ಆ ನಂಬಿಕೆಯನ್ನು ಬಿಡುವುದು ಒಳ್ಳೆಯದು. ಗಂಜಿನ ಹರಾಜಿನಲ್ಲಿ ತೊಗರಿಗೆ ಕಟ್ಟುವ ಬೆಲೆ ಮುಂದೆ ಯಾವ ಚೀಲ ಸೇರುತ್ತದೆಂಬುದನ್ನು ನೋಡಿ ಕಟ್ಟುವುದಲ್ಲ. ಕಿರಾಣಿಯವರ ಮೇಲೆ ಕರುಣೆಯಿದ್ದರೆ ಅವರ ಬಳಿ ತೂಗಿಸಿಕೊಂಡು ತನ್ನಿ. ಪರಿಮಳವೂ ಸಿಗುತ್ತದೆ, ಕೈಯಿಂದ ಮುಟ್ಟಿ ನೋಡುವ ಹಕ್ಕೂ ಉಳಿಯುತ್ತದೆ.

ಚೀಲವನ್ನೇ ಕೊಳ್ಳುವುದಾದರೆ ಮುಂಬದಿಯ ಚಿತ್ರವನ್ನು ಬಿಟ್ಟು ಹಿಂಬದಿಯ ಸಣ್ಣಕ್ಷರವನ್ನು ಓದಬೇಕು. ಕಟ್ಟಿದ ತಿಂಗಳು, ನಿವ್ವಳ ತೂಕ, ಎಫ್.ಎಸ್.ಎಸ್.ಎ.ಐ.ನ 14 ಅಂಕಿಗಳ ಪರವಾನಗಿ ಸಂಖ್ಯೆ ಅಲ್ಲಿರುತ್ತವೆ. ಆ ಸಂಖ್ಯೆ ಹಿಡಿದು ಹೊರಟರೆ ಚೀಲ ಎಲ್ಲಿ ತುಂಬಿತೆಂಬುದು ತಿಳಿಯುತ್ತದೆ. ಆದರೆ ಗಿರಣಿಯ ಗುರುತು ಇರುವೆಯ ಕಾಲಿನಷ್ಟು ಸಣ್ಣದಾಗಿ, ಮಾರುವವರ ಹೆಸರು ಆನೆಯಷ್ಟು ದೊಡ್ಡದಾಗಿ ಏಕಿರಬೇಕು? ಯಾವ ಸೀಮೆಯ ತೊಗರಿ, ಯಾವ ವರ್ಷದ ಬೆಳೆ, ಯಾವ ಗಿರಣಿಯಲ್ಲಿ ಒಡೆದದ್ದು, ಯಾವ ದರ್ಜೆ: ಈ ನಾಲ್ಕನ್ನು ಮುಂಬದಿಯಲ್ಲಿಯೇ ಕನ್ನಡದಲ್ಲಿ ಅಚ್ಚು ಹಾಕಬೇಕೆಂದು ನಾವು ಕೇಳಬೇಕು. ದೊಡ್ಡ ಕಂಪನಿಯನ್ನೂ ಕೇಳಬೇಕು, ದೊಡ್ಡ ಅಂಗಡಿಯನ್ನೂ ಕೇಳಬೇಕು. ಅವರು ಅಷ್ಟನ್ನು ಹೇಳಿದ ದಿನ ಕಾಸಿಗೆ ತಕ್ಕ ಕಜ್ಜಾಯವೋ ಅಲ್ಲವೋ ಎಂದು ನಾವೇ ನೋಡಿ ಹೇಳಬಹುದು. ಹೇಳದಿದ್ದಷ್ಟು ದಿನ ಕಾಳು, ಬೇಳೆ, ಉಪ್ಪು, ಸಕ್ಕರೆಗಳನ್ನು ಅಗ್ಗದ ಚೀಲದಲ್ಲಿಯೇ ತರೋಣ. ನೆಂಟರು ಬಂದಾಗ ಅದನ್ನು ಹಲಗೆಯ ಹಿಂದಕ್ಕೆ ಸರಿಸುವುದೂ ಬೇಡ.